ಹುಟ್ಟಿದ ಗಂಟೆ ಬರೆಯುತ್ತೇವೆ, ಚುಚ್ಚಿದ ಗಂಟೆ ಯಾಕೆ ಬರೆಯುವುದಿಲ್ಲ?

ಹೆರಿಗೆ ಆಸ್ಪತ್ರೆಗಳನ್ನೂ ಲಸಿಕೆ ವಿಭಾಗಗಳನ್ನೂ ನಡೆಸುವ ಎಲ್ಲ ಅಧಿಕಾರಿಗಳಿಗೆ ನಮಸ್ಕಾರ.

ನಾನು ಲೇಬರ್ ವಾರ್ಡಿನ ನರ್ಸ್. ಪತ್ರ ಬರೆದು ಅಭ್ಯಾಸವಿಲ್ಲ. ನಾನು ದಿನಾ ಬರೆಯುವುದು ಕೇಸ್ ಶೀಟ್, ಔಷಧಿ ಇಂಡೆಂಟ್ ಮತ್ತು ರಿಜಿಸ್ಟರ್ ಅಷ್ಟೇ. ಹಾಗಾಗಿ ರಿಜಿಸ್ಟರಿನಿಂದಲೇ ಶುರು ಮಾಡುತ್ತೇನೆ.

ಹೆರಿಗೆ ರಿಜಿಸ್ಟರಿನ ಯಾವುದಾದರೂ ಒಂದು ಪುಟ ತೆಗೆದು ನೋಡಿ. ಮಗು ಹುಟ್ಟಿದ ಹೊತ್ತು ನಿಮಿಷದ ಲೆಕ್ಕದಲ್ಲಿ ಇರುತ್ತದೆ. ತೂಕ ಗ್ರಾಂ ಲೆಕ್ಕದಲ್ಲಿ. ಮಾಸು ಪೂರ್ತಿ ಬಂತಾ, ರಕ್ತ ಎಷ್ಟು ಹೋಯಿತು, ಹೊಲಿಗೆ ಬಿತ್ತಾ, ಮಗು ತಕ್ಷಣ ಅತ್ತಿತಾ, ಎಲ್ಲವೂ ಇದೆ. ಬಲಗಡೆ ತುದಿಯಲ್ಲಿ, ಲಿವರಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ಸಿನ ಲಸಿಕೆಯ ಮೊದಲ ಡೋಸಿನ ಕಾಲಂ. ಅಲ್ಲಿ ಮಾತ್ರ ಒಂದು ಟಿಕ್ ಮಾರ್ಕ್. ಬರೆದವರು ಶಿಸ್ತಿನವರಾದರೆ ಒಂದು ತಾರೀಖು. ಗಂಟೆ ಇಲ್ಲ.

ಆ ಬರೆಯದೇ ಬಿಟ್ಟ ಗಂಟೆಯ ಬಗ್ಗೆಯೇ ಈ ಪತ್ರ.

ಒಂದು ಶನಿವಾರ ನಡೆದದ್ದು ಹೇಳುತ್ತೇನೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ನಾನು ಮೂರು ಕಡೆ ಕೆಲಸ ಮಾಡಿದ್ದೇನೆ, ಮೂರೂ ಕಡೆ ಇಂಥದ್ದು ನೋಡಿದ್ದೇನೆ. ರಾತ್ರಿ ಒಂಬತ್ತೂವರೆಗೆ ಒಂದು ಹೆರಿಗೆ ಆಯಿತು. ತಾಯಿಯ ರಿಪೋರ್ಟಿನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಅಂತ ಇತ್ತು. ಮಗುವನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ನಾನು ಲಸಿಕೆಗೆ ಅಂತ ಕೆಳಗಿನ ಮಹಡಿಗೆ ಹೋದೆ. ಲಸಿಕೆಯ ಫ್ರಿಜ್ ಇರುವ ಕೋಣೆಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಮಧ್ಯಾಹ್ನವೇ ಡ್ಯೂಟಿ ಮುಗಿಸಿ ಹೋಗಿದ್ದರು. ಫೋನ್ ಮಾಡಿದೆ. ಎರಡು ಸಲ ರಿಂಗಾಗಿ ಕಟ್ಟಾಯಿತು. ಮೂರನೇ ಸಲಕ್ಕೆ ಎತ್ತಿದರು. 'ಸೋಮವಾರ ಹಾಕಿದರಾಯ್ತು ಬಿಡಿ ಸಿಸ್ಟರ್, ನಡುವೆ ಒಂದು ಭಾನುವಾರ ತಾನೇ' ಅಂದರು.

ಅವರು ಕೆಟ್ಟವರೇನಲ್ಲ. ಅವರಿಗೆ ಯಾರೂ ಬೇರೆ ಥರ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮಗುವಿನ ತೊಡೆಗೆ ಇಂಜೆಕ್ಷನ್ ಬಿತ್ತು. ಹುಟ್ಟಿ 37 ಗಂಟೆ ದಾಟಿತ್ತು. ರಿಜಿಸ್ಟರಿನಲ್ಲಿ ಟಿಕ್ ಬಿತ್ತು. ತಿಂಗಳ ಕೊನೆಯ ರಿಪೋರ್ಟಿನಲ್ಲಿ ಆ ಮಗು 'ಜನನ ಡೋಸ್ ನೀಡಲಾಗಿದೆ' ಎಂಬ ಸಾಲಿಗೆ ಸೇರಿತು. ನಿಮ್ಮ ಮೇಜಿಗೆ ಬಂದ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

ತಪ್ಪು ಎಲ್ಲಿ ಅಂತ ಹೇಳುವ ಮೊದಲು, ಈ ವೈರಸ್ ಮಗುವನ್ನು ಹೇಗೆ ಹಿಡಿಯುತ್ತದೆ ಅಂತ ಸ್ವಲ್ಪ ಹೇಳಬೇಕು. ಡಾಕ್ಟರುಗಳು ಇಷ್ಟು ಭಾಗ ಬಿಟ್ಟು ಮುಂದೆ ಓದಬಹುದು. ಆದರೆ ಬೀಗದ ಕೈ ಇಟ್ಟುಕೊಳ್ಳುವವರು ದಯವಿಟ್ಟು ಓದಿ.

ಹೆಪಟೈಟಿಸ್ ಬಿ ಹೆಚ್ಚಾಗಿ ಹೊಟ್ಟೆಯಲ್ಲಿದ್ದಾಗ ಮಗುವಿಗೆ ದಾಟುವುದಿಲ್ಲ. ಒಂಬತ್ತು ತಿಂಗಳು ಮಾಸು ಅದನ್ನು ತಕ್ಕಮಟ್ಟಿಗೆ ತಡೆದುಕೊಂಡೇ ಇರುತ್ತದೆ. ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ತಾಯಿಯ ರಕ್ತ ಮತ್ತು ದ್ರವಗಳು ಮಗುವಿಗೆ ತಾಗಿದಾಗ. ಅಲ್ಲಿಂದ ಓಟ ಶುರು. ವೈರಸ್ ಮಗುವಿನ ಲಿವರಿನಲ್ಲಿ ತಳವೂರುವುದರೊಳಗೆ ಲಸಿಕೆ ಮಗುವಿನ ಮೈಯನ್ನು ಎಚ್ಚರಿಸಬೇಕು. ಸೋಂಕು ತಗುಲಿದ ಮೇಲೆ ಕೊಟ್ಟರೂ ಕೆಲಸ ಮಾಡುವ ಕೆಲವೇ ಲಸಿಕೆಗಳಲ್ಲಿ ಇದೂ ಒಂದು. ನಾಯಿ ಕಚ್ಚಿದ ಮೇಲೆ ರೇಬಿಸ್ ಲಸಿಕೆ ಹಾಕುವ ಹಾಗೆ. ನಾಯಿ ಕಚ್ಚಿದವರಿಗೆ 'ಸೋಮವಾರ ಬನ್ನಿ' ಅಂತ ಯಾರಾದರೂ ಹೇಳುತ್ತೇವಾ?

ತಾಯಿಯ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದು, ಅದು ಜೋರಾಗಿ ಬೆಳೆಯುತ್ತಿರುವ ಗುರುತಾದ ಇ-ಆಂಟಿಜೆನ್ ಕೂಡ ಇದ್ದರೆ, ಏನೂ ಮಾಡದೆ ಬಿಟ್ಟಾಗ ನೂರರಲ್ಲಿ 70ರಿಂದ 90 ಮಕ್ಕಳಿಗೆ ಸೋಂಕು ದಾಟುತ್ತದೆ. ದೊಡ್ಡವರಿಗೆ ಇದೇ ವೈರಸ್ ತಗುಲಿದರೆ ನೂರಕ್ಕೆ 95 ಜನರ ಮೈ ಅದನ್ನು ಹೊರಗೆ ಹಾಕುತ್ತದೆ. ಹುಟ್ಟುವಾಗ ತಗುಲಿದ ಮಕ್ಕಳಲ್ಲಿ ಲೆಕ್ಕ ತಲೆಕೆಳಗು. ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ಎಳೆಯ ಮೈಗೆ ಅದು ಶತ್ರು ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಮ್ಮನ್ನು ಮೈಮರೆಸುವುದೇ ಇದು. ಮಗು ಹಾಲು ಕುಡಿಯುತ್ತದೆ, ನಡೆಯುತ್ತದೆ, ಶಾಲೆಗೆ ಹೋಗುತ್ತದೆ. ಮೂವತ್ತು ನಲವತ್ತು ವರ್ಷವಾದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳಬಹುದು, ಲಿವರ್ ಸಿರೋಸಿಸ್ ಆಗಬಹುದು, ಲಿವರ್ ಕ್ಯಾನ್ಸರ್ ಬರಬಹುದು. ಆಗ ಆ ಮನುಷ್ಯನ ಹಾಸಿಗೆ ಪಕ್ಕ ನಿಂತ ಯಾರಿಗೂ ಬೀಗ ಹಾಕಿದ ಆ ಕೋಣೆಯ ನೆನಪು ಇರುವುದಿಲ್ಲ. ತಪ್ಪಿಗೂ ಫಲಕ್ಕೂ ನಡುವೆ ಅಷ್ಟು ವರ್ಷ ಇರುವುದರಿಂದಲೇ ನಾವೆಲ್ಲ ಇಷ್ಟು ಆರಾಮಾಗಿದ್ದೇವೆ ಅಂತ ನನ್ನ ಅನುಮಾನ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2009ರಿಂದಲೂ ಎಲ್ಲ ಮಕ್ಕಳಿಗೂ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ, ಆದಷ್ಟು ಬೇಗ ಕೊಡಿ ಅಂತ ಹೇಳುತ್ತಿದೆ. ತಾಯಿ ಪಾಸಿಟಿವ್ ಆಗಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ವಿರುದ್ಧ ಹೋರಾಡುವ ಸಿದ್ಧ ಆಂಟಿಬಾಡಿ) ಇಂಜೆಕ್ಷನ್ ಕೂಡ ಇನ್ನೊಂದು ತೊಡೆಗೆ, ಸಾಧ್ಯವಾದರೆ 12 ಗಂಟೆಯೊಳಗೆ. ಇದು ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಲಸಿಕೆ ದುಬಾರಿಯಲ್ಲ. ಅದೊಂದನ್ನೇ ಹೊತ್ತಿಗೆ ಸರಿಯಾಗಿ ಕೊಟ್ಟು, ಉಳಿದ ಡೋಸುಗಳನ್ನು ತಪ್ಪಿಸದೆ ಮುಗಿಸಿದರೂ ಬಹುಪಾಲು ಮಕ್ಕಳು ಬಚಾವಾಗುತ್ತಾರೆ. ಇಷ್ಟಿದ್ದೂ ಜಗತ್ತಿನ ಅರ್ಧದಷ್ಟು ಮಕ್ಕಳಿಗೂ ಇನ್ನೂ ಈ ಜನನ ಡೋಸ್ ಹೊತ್ತಿಗೆ ಸಿಗುತ್ತಿಲ್ಲ. ಆಫ್ರಿಕಾದಲ್ಲಿ ಐದರಲ್ಲಿ ಒಂದು ಮಗುವಿಗೂ ಸಿಗುತ್ತಿಲ್ಲ.

ಆಗುತ್ತದಾ ಅಂತ ಕೇಳುವವರಿಗೆ ತೈವಾನ್ ತೋರಿಸುತ್ತೇನೆ. 1984ರಲ್ಲಿ ಅಲ್ಲಿ ಪಾಸಿಟಿವ್ ತಾಯಂದಿರ ಮಕ್ಕಳಿಗೆ ಲಸಿಕೆ ಶುರುವಾಯಿತು. 1986ಕ್ಕೆ ಎಲ್ಲ ಮಕ್ಕಳಿಗೂ ವಿಸ್ತರಿಸಿದರು. ಆಗ ಅಲ್ಲಿ ಹತ್ತರಲ್ಲಿ ಒಂದು ಮಗುವಿನ ರಕ್ತದಲ್ಲಿ ಈ ವೈರಸ್ ಇತ್ತು. ಹದಿನೈದು ವರ್ಷದಲ್ಲಿ ಅದು ನೂರಕ್ಕೆ ಒಂದರ ಹತ್ತಿರ ಬಂತು. ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಕೂಡ ಕಡಿಮೆಯಾಗಿದೆ ಅಂತ 1997ರಲ್ಲಿ ಅಲ್ಲಿನ ಡಾಕ್ಟರುಗಳು ಬರೆದರು. ಲಸಿಕೆಯೊಂದು ಕ್ಯಾನ್ಸರನ್ನು ತಡೆಯುತ್ತದೆ ಅಂತ ಜಗತ್ತು ಮೊದಲು ಕಂಡದ್ದು ಹಾಗೆ.

ಇನ್ನು ನಮ್ಮ ವಾರ್ಡಿನ ನೆಪಗಳು. ನಾನೂ ಹೇಳಿದ ನೆಪಗಳೇ, ಬೇರೆಯವರದ್ದಲ್ಲ.

ಮೊದಲನೆಯದು 'ಒಂದು ಮಗುವಿಗೋಸ್ಕರ ಹತ್ತು ಡೋಸಿನ ವಯಲ್ ಒಡೆಯೋದಾ?' ಎಂಬುದು. ವಯಲ್ ಅಂದರೆ ಲಸಿಕೆಯ ಪುಟ್ಟ ಸೀಸೆ. ಒಡೆದರೆ ಒಂಬತ್ತು ಡೋಸ್ ವೇಸ್ಟ್, ವೇಸ್ಟ್ ಆದರೆ ನೋಟಿಸ್. ಆ ಭಯಕ್ಕೆ ಇನ್ನೆರಡು ಹೆರಿಗೆ ಆಗುವ ತನಕ ಕಾಯುತ್ತಾರೆ. ವಾಸ್ತವದಲ್ಲಿ ವೇಸ್ಟ್ ಆಗಲೇಬೇಕೆಂದೇನೂ ಇಲ್ಲ. ಹೆಪಟೈಟಿಸ್ ಬಿ ಲಸಿಕೆಯ ವಯಲನ್ನು ಒಡೆದ ಮೇಲೂ, 2ರಿಂದ 8 ಡಿಗ್ರಿಯಲ್ಲಿ ಸರಿಯಾಗಿ ಇಟ್ಟರೆ, ಒಡೆದ ದಿನ ಬರೆದಿಟ್ಟರೆ, ಶುಚಿ ಕಾಪಾಡಿದರೆ, 28 ದಿನದ ತನಕ ಬಳಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯದ್ದೇ ನಿಯಮ. ಗೊತ್ತಿರುವವರು ಎಷ್ಟು ಜನ? ನನಗೇ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಆರು ವರ್ಷದ ಮೇಲೆ. ಅಲ್ಲಿಯವರೆಗೆ ನಾನೂ ಕಾಯುತ್ತಿದ್ದೆ. ಎಷ್ಟು ಮಕ್ಕಳ ಎಷ್ಟು ಗಂಟೆ ಹಾಗೆ ಕಾದೆ ಅಂತ ಲೆಕ್ಕ ಹಾಕಲು ಹೋಗಿಲ್ಲ. ಗಂಟೆ ಬರೆದಿದ್ದರೆ ತಾನೇ ಹಾಕುವುದು.

ವೇಸ್ಟ್ ಬಗ್ಗೆ ಅಷ್ಟೊಂದು ಚಿಂತೆ ಮಾಡುವ ನೀವು ಇನ್ನೊಂದು ವೇಸ್ಟ್ ಕಡೆಗೂ ನೋಡಿ. ಈ ಲಸಿಕೆಗೆ ಸೆಕೆಗಿಂತ ಹಿಮ ದೊಡ್ಡ ಶತ್ರು. ಹೆಪ್ಪುಗಟ್ಟಿದರೆ ಮುಗಿಯಿತು. ಮತ್ತೆ ಕರಗಿ ನೀರಾದಾಗ ನೋಡಲು ಮೊದಲಿನಂತೆಯೇ ಕಾಣಬಹುದು, ಆದರೆ ಶಕ್ತಿ ಹೋಗಿರುತ್ತದೆ. ನಾನು ಒಮ್ಮೆ ಸಾಮಾನ್ಯ ಫ್ರಿಜ್ಜಿನ ಹಿಂಭಾಗದಲ್ಲಿ, ಐಸ್ ಕಟ್ಟುವ ಜಾಗಕ್ಕೆ ಒತ್ತಿಕೊಂಡು ಕೂತಿದ್ದ ಡಬ್ಬಿ ನೋಡಿದ್ದೆ. ತೆಗೆಯುವಾಗ ಚರಕ್ ಅಂತು. ಆ ಡಬ್ಬಿ ಎಷ್ಟು ದಿನದಿಂದ ಹಾಗೆ ಇತ್ತು, ಅದರಿಂದ ಯಾರಿಗೆಲ್ಲ ಕೊಟ್ಟಿದ್ದರು, ಯಾರಿಗೂ ಗೊತ್ತಿರಲಿಲ್ಲ.

ಎರಡನೇ ನೆಪ, ಮಗು ಸಣ್ಣದು. ತೂಕ ಕಡಿಮೆ, ಅವಧಿಗೆ ಮೊದಲೇ ಹುಟ್ಟಿದೆ, ಸ್ವಲ್ಪ ಬೆಳೆಯಲಿ. ಇಲ್ಲ ಸ್ವಾಮಿ, ಆ ಮಗುವಿಗೂ ಕೊಡಬೇಕು. ಮಾಮೂಲಿ ಮೂರು ಡೋಸಿನ ಲೆಕ್ಕಕ್ಕೆ ಈ ಡೋಸನ್ನು ಹಿಡಿಯಬಾರದು, ಅಷ್ಟೇ ವ್ಯತ್ಯಾಸ. ಮೂರನೆಯದು ಇನ್ನೂ ಮಜವಾಗಿದೆ: 'ಮಗುವಿಗೇ ಕಾಮಾಲೆ ಇದೆ, ಕಾಮಾಲೆ ಲಸಿಕೆ ಹೇಗೆ ಕೊಡೋದು?' ಹುಟ್ಟಿದ ಎರಡು ಮೂರು ದಿನಕ್ಕೆ ಎಷ್ಟೋ ಮಕ್ಕಳ ಚರ್ಮ ಹಳದಿಯಾಗುತ್ತದೆ. ಅದಕ್ಕೂ ಈ ವೈರಸ್ಸಿಗೂ ಸಂಬಂಧವೇ ಇಲ್ಲ. ಅದೂ ಅಲ್ಲದೆ ಲಸಿಕೆ ಹೊತ್ತಿಗೆ ಬಿದ್ದಿದ್ದರೆ ಆ ಹಳದಿ ಕಾಣುವ ಮೊದಲೇ ಬಿದ್ದಿರುತ್ತಿತ್ತು, ಅಲ್ವಾ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. 24 ಗಂಟೆ ದಾಟಿತು ಅಂತ ಡೋಸ್ ಬಿಡಬೇಡಿ. ತಡವಾದಷ್ಟು ಫಲ ಕಡಿಮೆ, ಆದರೆ ಕೊಡದೇ ಇರುವುದಕ್ಕಿಂತ ಕೊಡುವುದೇ ಮೇಲು. ಕೊಟ್ಟ ಗಂಟೆ ನಿಜವಾದದ್ದನ್ನೇ ಬರೆಯಿರಿ.

ಇಷ್ಟು ಹೊತ್ತು ಹೆರಿಗೆಯ ನಂತರದ ಮಾತಾಯಿತು. ಆದರೆ ನಮ್ಮ ಕೈಗೆ ಬರುವ ಮೊದಲೇ ತಾಯಿ ಎಷ್ಟೋ ಬಾಗಿಲು ದಾಟಿ ಬಂದಿರುತ್ತಾಳೆ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಮೂರಕ್ಕೂ ಒಂದೇ ಸಲ ರಕ್ತ ತೆಗೆಯಬೇಕು. ಸಿಫಿಲಿಸ್ ವೈರಸ್ ಅಲ್ಲ, ಬ್ಯಾಕ್ಟೀರಿಯಾ, ಆದರೂ ಸೂಜಿ ಒಂದೇ ತಾನೇ. ಹೆಪಟೈಟಿಸ್ ಬಿ ವೈರಸ್ ಪ್ರಮಾಣ ಜಾಸ್ತಿ ಇರುವ ತಾಯಿಗೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಮಾತ್ರೆ ಕೊಟ್ಟರೆ ಹೆರಿಗೆ ಹೊತ್ತಿಗೆ ವೈರಸ್ ತಗ್ಗುತ್ತದೆ. ಅಂಥ ತಾಯಂದಿರ ಮಕ್ಕಳಲ್ಲಿ ಲಸಿಕೆಯೊಂದೇ ಕೆಲವೊಮ್ಮೆ ಸೋಲುತ್ತದೆ. ಮಾತ್ರೆ ಜೊತೆಗಿದ್ದರೆ ಸೋಲುವುದು ತೀರಾ ಅಪರೂಪ.

ಎಚ್‌ಐವಿಯ ಕಥೆ ನಮಗೆ ಧೈರ್ಯ ಕೊಡಬೇಕಾದ ಕಥೆ. ಏನೂ ಮಾಡದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ದಾಟುತ್ತದೆ. ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ, ಮೂರೂ ದಾರಿಯಿಂದ. 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಅಧ್ಯಯನದ ಫಲ ಬಂತು. ಜಿಡೊವುಡಿನ್ ಎಂಬ ಒಂದೇ ಔಷಧಿಯನ್ನು ತಾಯಿಗೂ ಮಗುವಿಗೂ ಕೊಟ್ಟಾಗ ದಾಟುವ ಪ್ರಮಾಣ ಶೇಕಡ 25.5ರಿಂದ 8.3ಕ್ಕೆ ಇಳಿದಿತ್ತು. ಈಗ ಮೂರು ಔಷಧಿ ಸೇರಿದ ಒಂದು ಮಾತ್ರೆ ದಿನಾ ನುಂಗಿ, ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಕಾಣಿಸದಷ್ಟು ಇಳಿದಿರುವ ತಾಯಿಯಿಂದ ಹೆರಿಗೆಯಲ್ಲಿ ದಾಟುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮಗುವಿಗೆ ಹುಟ್ಟಿದ ಕೆಲವೇ ಗಂಟೆಯಲ್ಲಿ ಔಷಧಿ ಸಿರಪ್ ಶುರುವಾಗಬೇಕು. ನೋಡಿ, ಇಲ್ಲೂ ಗಂಟೆಯೇ. 2015ರಲ್ಲಿ ಕ್ಯೂಬಾ, ಮರುವರ್ಷ ಥಾಯ್ಲೆಂಡ್, ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ನಿಲ್ಲಿಸಿದ ದೇಶಗಳು ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆದವು.

ಆದರೂ ಮಕ್ಕಳಿಗೆ ದಾಟುತ್ತಲೇ ಇದೆ. ಹೇಗೆ? ನಾನು ನೋಡಿದ ಒಂದು ದಾರಿ ಹೇಳುತ್ತೇನೆ. ಮೂರನೇ ತಿಂಗಳಲ್ಲಿ ಟೆಸ್ಟ್ ಮಾಡಿಸಿದಾಗ ನೆಗೆಟಿವ್. ಆ ರಿಪೋರ್ಟನ್ನು ಫೈಲಿಗೆ ಪಿನ್ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಐದನೇ ತಿಂಗಳಲ್ಲಿ ಗಂಡನಿಂದ ಸೋಂಕು ತಗುಲಿದರೆ ಆ ಕಾಗದಕ್ಕೆ ಹೇಗೆ ಗೊತ್ತಾಗಬೇಕು? ಹೊಸದಾಗಿ ಸೋಂಕು ತಗುಲಿದಾಗ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಮಗುವಿಗೆ ದಾಟುವ ಅಪಾಯವೂ ಆಗಲೇ ಜಾಸ್ತಿ. ಎಚ್‌ಐವಿ ಜಾಸ್ತಿ ಇರುವ ಕಡೆಗಳಲ್ಲಿ ಕೊನೆಯ ಮೂರು ತಿಂಗಳಲ್ಲಿ ಇನ್ನೊಮ್ಮೆ ಟೆಸ್ಟ್ ಆಗಲೇಬೇಕು, ಗಂಡನಿಗೂ ಆಗಬೇಕು. ಗಂಡನ ಟೆಸ್ಟ್ ಅಂದ ಕೂಡಲೇ ಕಾರಿಡಾರಿನಲ್ಲಿ ಏನೇನು ನಡೆಯುತ್ತದೆ ಅಂತ ಬರೆಯಲು ಹೊರಟರೆ ಅದೇ ಇನ್ನೊಂದು ಪತ್ರವಾದೀತು. ಬಿಡಿ.

ಕಾರಿಡಾರಿನ ಮಾತು ಬಂತಲ್ಲ, ಕೆಂಪು ಸ್ಟಿಕರಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡೆ, ಪಾಸಿಟಿವ್ ಇರುವ ತಾಯಿಯ ಫೈಲಿನ ಮೇಲೆ ಕೆಂಪು ಸ್ಟಿಕರ್ ಅಂಟಿಸುತ್ತಿದ್ದರು. ಮಂಚದ ತುದಿಗೂ ಒಂದು. 'ನಮ್ಮ ಹುಷಾರಿಗೆ' ಅಂತ. ಒಂದು ದಿನ ಒಬ್ಬ ಬಾಣಂತಿಯನ್ನು ನೋಡಲು ಬಂದ ನೆಂಟರಲ್ಲಿ ಒಬ್ಬರು ಕೇಳಿದರು: 'ಎಲ್ಲರ ಮಂಚಕ್ಕೂ ಇಲ್ಲ, ಇವಳ ಮಂಚಕ್ಕೆ ಮಾತ್ರ ಯಾಕೆ ಈ ಕೆಂಪು ಚೀಟಿ?' ಯಾರೂ ಉತ್ತರ ಕೊಡಲಿಲ್ಲ. ಆ ಹುಡುಗಿ ಮಗುವಿನ ಟೋಪಿ ಸರಿ ಮಾಡುತ್ತಾ ಕೂತಳು. ಸರಿಯಾಗಿಯೇ ಇದ್ದ ಟೋಪಿಯನ್ನು ಮತ್ತೆ ಮತ್ತೆ ಸರಿ ಮಾಡುತ್ತಿದ್ದಳು. ಮಾರನೇ ದಿನ ಯಾರಿಗೂ ಹೇಳದೆ ಮನೆಗೆ ಹೋಗಿಬಿಟ್ಟಳು. ಮಗುವಿಗೆ ಕೊಡಬೇಕಿದ್ದ ಸಿರಪ್ ಬಾಟಲಿ ಪಕ್ಕದ ಡ್ರಾಯರಿನಲ್ಲೇ ಉಳಿಯಿತು.

ಆ ಸ್ಟಿಕರಿನಿಂದ ನಮ್ಮಲ್ಲಿ ಯಾರೊಬ್ಬರೂ ಬಚಾವಾಗಿಲ್ಲ. ಗ್ಲೌಸ್ ಹಾಕುವುದು, ಸೂಜಿಗೆ ಮತ್ತೆ ಕ್ಯಾಪ್ ಹಾಕದೇ ಇರುವುದು, ರಕ್ತ ಚೆಲ್ಲಿದರೆ ಸರಿಯಾಗಿ ತೊಳೆಯುವುದು, ಇವನ್ನೆಲ್ಲ ಪ್ರತಿ ಹೆರಿಗೆಯಲ್ಲೂ ಮಾಡಲೇಬೇಕು. ಯಾಕೆಂದರೆ ಟೆಸ್ಟೇ ಆಗದವರು, ನೆಗೆಟಿವ್ ಬಂದ ಮೇಲೆ ಸೋಂಕು ತಗುಲಿದವರು, ಯಾವ ಸ್ಟಿಕರೂ ಇಲ್ಲದೆ ಬಂದು ಮಲಗುತ್ತಾರೆ. ಸ್ಟಿಕರ್ ಮಾಡುವ ಕೆಲಸ ಒಂದೇ. ಮುಂದಿನ ಗರ್ಭಿಣಿ ತನ್ನ ರಿಪೋರ್ಟ್ ಮುಚ್ಚಿಡುವ ಹಾಗೆ ಮಾಡುತ್ತದೆ. ರಿಪೋರ್ಟ್ ಮುಚ್ಚಿಟ್ಟರೆ ನಮಗೆ ಗಂಟೆ ಹೇಗೆ ಸಿಗಬೇಕು?

ಎದೆಹಾಲಿನ ವಿಷಯದಲ್ಲೂ ನಾವು ಸುಮ್ನೆ ಹೆದರಿಸಿದ್ದು ಸಾಕಷ್ಟಿದೆ. ಹೆಪಟೈಟಿಸ್ ಬಿ ಇರುವ ತಾಯಿ ಹಾಲು ಕುಡಿಸಬಹುದು. ಲಸಿಕೆ ಹಾಕಿಸಿ, ಕುಡಿಸಿ. ಹೆಪಟೈಟಿಸ್ ಸಿ ಇದ್ದರೂ ಕುಡಿಸಬಹುದು, ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ಗಾಯ ಮಾಯುವ ತನಕ ನಿಲ್ಲಿಸಬೇಕು. ಎಚ್‌ಐವಿಯಲ್ಲಿ ತಾಯಿ ಮಾತ್ರೆ ತಪ್ಪಿಸದೆ ನುಂಗುತ್ತಿದ್ದಾಳಾ, ವೈರಲ್ ಲೋಡ್ ಇಳಿದಿದೆಯಾ ಎಂಬುದು ಮುಖ್ಯ. ಅದನ್ನು ಅವಳ ಡಾಕ್ಟರ್ ಜೊತೆ ಕೂತು ತೀರ್ಮಾನ ಮಾಡಬೇಕು, ವಾರ್ಡಿನಲ್ಲಿ ಹಾದುಹೋಗುವವರಲ್ಲ. ಇನ್ನು ಮಗುವಿನ ಎಚ್‌ಐವಿ ಟೆಸ್ಟ್. ಮಾಮೂಲಿ ಆಂಟಿಬಾಡಿ ಟೆಸ್ಟ್ ಮಾಡಿ, ಪಾಸಿಟಿವ್ ಬಂತು ಅಂತ ಮನೆಯವರನ್ನು ಅಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಾಯಿಯ ಆಂಟಿಬಾಡಿ ಮಗುವಿನ ರಕ್ತದಲ್ಲಿ 18 ತಿಂಗಳ ತನಕ ಇರಬಹುದು. ಆ ವಯಸ್ಸಿಗೆ ಮೊದಲು ಬೇಕಾದದ್ದು ವೈರಸ್ಸನ್ನೇ ಹುಡುಕುವ ಪಿಸಿಆರ್ ಟೆಸ್ಟ್, ನಾಲ್ಕರಿಂದ ಆರು ವಾರಕ್ಕೆ.

ಉಳಿದ ವೈರಸ್‌ಗಳ ಮಾತು ಬೇಗ ಮುಗಿಸುತ್ತೇನೆ. ಹೆರಿಗೆ ಹೊತ್ತಿಗೆ ತಾಯಿಯ ಜನನಾಂಗದಲ್ಲಿ ಹರ್ಪಿಸ್ ಹುಣ್ಣು ಇದ್ದರೆ ಸಿಸೇರಿಯನ್ ಬೇಕಾಗುತ್ತದೆ. ಅದಕ್ಕೆ ಬಂದ ಕೂಡಲೇ ಕೇಳಬೇಕು, ನೋಡಬೇಕು, ನಾಚಿಕೆಗೆ ಜಾಗವಿಲ್ಲ. ಹೆರಿಗೆಗೆ ಐದು ದಿನ ಮುಂಚೆಯಿಂದ ಎರಡು ದಿನ ನಂತರದೊಳಗೆ ತಾಯಿಗೆ ಚಿಕನ್‌ಪಾಕ್ಸ್ ಎದ್ದರೆ ಮಗುವಿಗೆ ಜೀವಕ್ಕೇ ಅಪಾಯ, ಇಮ್ಯುನೊಗ್ಲಾಬ್ಯುಲಿನ್ ಬೇಕು. ಸೈಟೊಮೆಗಲೊ ವೈರಸ್ ಹೆಸರು ಕೇಳಿದವರು ಕಡಿಮೆ, ಆದರೆ ಹುಟ್ಟುಕಿವುಡಿಗೆ ವಂಶದ ಕಾರಣ ಬಿಟ್ಟರೆ ಇದೇ ದೊಡ್ಡ ಕಾರಣ. ಅದಕ್ಕೆ ಲಸಿಕೆ ಇಲ್ಲ. ಚಿಕ್ಕ ಮಕ್ಕಳ ಜೊಲ್ಲು ಒರೆಸಿದ ಮೇಲೆ, ಉಚ್ಚೆ ಬಟ್ಟೆ ಬದಲಿಸಿದ ಮೇಲೆ ಗರ್ಭಿಣಿ ಕೈ ತೊಳೆಯುವುದು, ಮಗು ಕಚ್ಚಿಟ್ಟದ್ದನ್ನು ತಾನು ತಿನ್ನದೇ ಇರುವುದು, ಇಷ್ಟೇ ಇರುವ ದಾರಿ. ಈ ಮಾತನ್ನು ಗರ್ಭಿಣಿಯರಿಗೆ ಹೇಳುವವರು ಎಷ್ಟು ಜನ ಇದ್ದೀರಿ?

ರುಬೆಲ್ಲಾ ಬಗ್ಗೆ ಮಾತ್ರ ಒಂದು ನಿಮಿಷ ಜಾಸ್ತಿ ನಿಲ್ಲುತ್ತೇನೆ. 1941ರಲ್ಲಿ ಸಿಡ್ನಿಯ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್ ಅವರ ಬಳಿಗೆ ಪೊರೆ ಬಂದ ಕಣ್ಣಿನ ಕೂಸುಗಳು ಒಂದರ ಹಿಂದೆ ಒಂದು ಬರತೊಡಗಿದವು. ಬೇರೆ ಡಾಕ್ಟರುಗಳನ್ನೂ ಕೇಳಿ ಒಟ್ಟು 78 ಕೂಸುಗಳ ವಿವರ ಕೂಡಿಸಿದರು. ಹೆಚ್ಚಿನ ತಾಯಂದಿರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಬಂದಿತ್ತು. ಗರ್ಭಿಣಿಗೆ ಬಂದ ಮೈಮೇಲಿನ ಸಣ್ಣ ಗುಳ್ಳೆ ಹೊಟ್ಟೆಯೊಳಗಿನ ಕೂಸಿನ ಕಣ್ಣು ತೆಗೆಯಬಹುದು ಅಂತ ಜಗತ್ತಿಗೆ ತಿಳಿದದ್ದು ಹಾಗೆ. ಅವರು ತಾಯಂದಿರನ್ನು ಕೇಳಿದರು, ಕೇಳಿದ್ದನ್ನು ಬರೆದಿಟ್ಟರು. ನಾನು ನಿಮ್ಮಲ್ಲಿ ಕೇಳುತ್ತಿರುವುದೂ ಬರೆದಿಡುವ ಕೆಲಸವನ್ನೇ. ಅಂದ ಹಾಗೆ, ರುಬೆಲ್ಲಾ ಲಸಿಕೆಯನ್ನು ಗರ್ಭ ನಿಂತ ಮೇಲೆ ಕೊಡುವ ಹಾಗಿಲ್ಲ, ಮೊದಲೇ ಕೊಟ್ಟು ಮುಗಿಸಿರಬೇಕು.

ಈಗ ನನ್ನ ಬೇಡಿಕೆ. ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ, ಉದ್ಘಾಟನೆ ಅಂತೂ ಬೇಡವೇ ಬೇಡ. ಹೆಪಟೈಟಿಸ್ ಬಿ ಲಸಿಕೆ ಲೇಬರ್ ರೂಮಿನ ಫ್ರಿಜ್ಜಿನಲ್ಲೇ ಇರಲಿ. ಅದಕ್ಕೆ ಬೀಗ ಇರುವುದೇ ಆದರೆ ಬೀಗದ ಕೈ ಡ್ಯೂಟಿಯಲ್ಲಿರುವ ನರ್ಸಿನ ಜೇಬಿನಲ್ಲಿರಲಿ, ರಾತ್ರಿಯೂ, ಭಾನುವಾರವೂ. ಡಾಕ್ಟರ್ ಸಹಿಗೆ ಕಾಯದೆ ನರ್ಸೇ ಡೋಸ್ ಕೊಡುವ ಹಾಗೆ ಲಿಖಿತ ಆದೇಶ ಇರಲಿ. ಒಂದು ಮಗುವಿಗೋಸ್ಕರ ವಯಲ್ ಒಡೆದವರಿಗೆ ನೋಟಿಸ್ ಕೊಡಬೇಡಿ. ಒಡೆಯದೇ ಮಗುವನ್ನು ಮನೆಗೆ ಕಳಿಸಿದವರಿಗೆ ಬೇಕಾದರೆ ಕೊಡಿ. ಸ್ಟಿಕರ್‌ಗಳನ್ನು ಕಿತ್ತು ಹಾಕಿಸಿ. ಮನೆಯಲ್ಲೇ ಹೆರಿಗೆಯಾಗುವ ಕಡೆ ಲಸಿಕೆ ಆ ಮನೆಗೇ ಹೋಗಲಿ, ಮಗು ಲಸಿಕೆ ಹುಡುಕಿಕೊಂಡು ಬರಲಿ ಅಂತ ಕಾಯಬೇಡಿ.

ರಿಜಿಸ್ಟರಿನ ಆ ಕೊನೆಯ ಕಾಲಮನ್ನು ಎರಡಾಗಿ ಸೀಳಿ. ಒಂದರಲ್ಲಿ ಡೋಸ್ ಕೊಟ್ಟ ಹೊತ್ತು, ಇನ್ನೊಂದರಲ್ಲಿ ಹುಟ್ಟಿ ಎಷ್ಟು ಗಂಟೆಗೆ ಕೊಟ್ಟೆವು ಎಂಬ ಲೆಕ್ಕ. ತಿಂಗಳ ರಿಪೋರ್ಟಿನಲ್ಲಿ ನಮ್ಮಿಂದ ಆ ಎರಡನೇ ಸಂಖ್ಯೆಯನ್ನೇ ಕೇಳಿ. ಮೊದಲ ತಿಂಗಳು ಬರುವ ಸಂಖ್ಯೆ ನೋಡಿ ನಿಮಗೆ ಬೇಜಾರಾಗಬಹುದು. ಬೈಯಬೇಡಿ. ಬೈದರೆ ನಾವು ಮತ್ತೆ ಟಿಕ್ ಹಾಕಲು ಶುರು ಮಾಡುತ್ತೇವೆ.

ನಮ್ಮ ವಾರ್ಡಿನ ಈಗಿನ ರಿಜಿಸ್ಟರಿನಲ್ಲಿ ಇನ್ನು ಹನ್ನೆರಡು ಪುಟ ಬಾಕಿ ಇದೆ. ಹೊಸದನ್ನು ಪ್ರಿಂಟಿಗೆ ಕೊಡುವ ಮೊದಲು ನಿಮ್ಮ ಉತ್ತರ ಬಂದರೆ ಒಳ್ಳೆಯದು. ಅಲ್ಲಿಯವರೆಗೆ ಪೆನ್ನಿನಲ್ಲಿ ನಾನೇ ಗೆರೆ ಎಳೆದುಕೊಂಡಿದ್ದೇನೆ. ನಿನ್ನೆ ರಾತ್ರಿಯ ಮೊದಲ ಮಗುವಿಗೆ 1 ಗಂಟೆ 20 ನಿಮಿಷ, ಎರಡನೆಯದಕ್ಕೆ 55 ನಿಮಿಷ. ಮೂರನೇ ಹೆರಿಗೆಯ ಹೊತ್ತಿಗೆ ಸಿರಿಂಜ್ ಮುಗಿದಿತ್ತು. ಪಕ್ಕದ ವಾರ್ಡಿನಿಂದ ತರಿಸಿ ಕೊಡುವಷ್ಟರಲ್ಲಿ 4 ಗಂಟೆ 10 ನಿಮಿಷ. ಅದನ್ನೂ ಹಾಗೆಯೇ ಬರೆದಿದ್ದೇನೆ.

ಇಂತಿ,
ನೈಟ್ ಡ್ಯೂಟಿಯಲ್ಲಿರುವ ಒಬ್ಬ ನರ್ಸ್